ವಾಶರ್ ಜಾಗದಲ್ಲಿರಬೇಕು

೧೯೩೬, ಡಿಸೆಂಬರ ೪, ಶುಕ್ರವಾರ

ಹಾಗೆಂದು ನಾನೇನು ಆ ಹಂಡೆಯನ್ನು ಮನಸ್ಸಿಗೆ ಬಂದಂತೆ ಹಳೆ ತಾಮ್ರದ ಜೊತೆ ತೂಕಕ್ಕೆ ಹಾಕಲಿಲ್ಲ. ತಳ ಸವೆದಿತ್ತು. ತೇಪೆಯ ಮೇಲೆ ತೇಪೆ ಬಿದ್ದು ಅದು ಹಂಡೆಯೋ ಭಿಕ್ಷುಕನ ಕೌದಿಯೋ ತಿಳಿಯದಂತಾಗಿತ್ತು. ಒಲೆಗೆ ಉರಿ ಹಚ್ಚಿದರೆ ಹಂಡೆಯೇ ಹನಿ ಹನಿ ಸುರಿಸಿ ಅದನ್ನು ಆರಿಸುತ್ತಿತ್ತು. ನಿನ್ನೆ ಅಕ್ಕನಿಗೆ ಇದನ್ನೇ ಬಿಡಿಸಿ ಹೇಳುತ್ತಿದ್ದೆ, ಅವಳು ಅರ್ಧಕ್ಕೇ ಎದ್ದು ತುಳಸಿಗೆ ನೀರು ಹಾಕಲು ಹೋದಳು. ಅರ್ಧಕ್ಕೆ ನಿಂತ ಮಾತು ನನಗೆ ಅಜೀರ್ಣ ಮಾಡುತ್ತದೆ, ಆದ್ದರಿಂದ ಇಲ್ಲಿ ಮುಗಿಸುತ್ತೇನೆ. ಈ ದಿನಚರಿಯ ವಹಿಯಾದರೂ ಎದ್ದು ಹೋಗುವುದಿಲ್ಲ.

ಅಕ್ಕನದು ಒಂದೇ ಮಾತು: "ಆಕಿ ಹಂಡೆ ಅದು. ಆಕಿ ಹೋಗಿ ಎರಡು ವರ್ಷ ಆಗಿಲ್ಲ, ಹಂಡೇನೂ ಹೊರಗ ಹಾಕಿದೆಲ್ಲೋ ತ್ರ್ಯಂಬಕಾ." ಆಕಿ ಎಂದರೆ ನನ್ನ ಹೆಂಡತಿ. ಅವಳು ಇದ್ದಾಗ ಇವರಿಬ್ಬರ ನಡುವೆ ಇಷ್ಟು ಪ್ರೀತಿ ಇದ್ದದ್ದು ನನಗೆ ನೆನಪಿಲ್ಲ.

ಹಂಡೆಗೆ ಬದಲು ಬಂಬ ತಂದಿದ್ದೇನೆ, ಹುಬ್ಬಳ್ಳಿ ದುರ್ಗದಬೈಲಿನ ಖಾದರಬಾಷಾನ ಅಂಗಡಿಯಿಂದ. ಪುಣೆಯ ಮಾಲು. ಎದೆಯೆತ್ತರದ ತಾಮ್ರದ ಕಂಬ. ನಡುವೆ ಉರಿಗೊಂದು ಕೊಳವೆ, ಅದರ ಸುತ್ತ ನೀರು. ಮೇಲೆ ಒಂದು ಬದಿಗೆ ಲಾಳಿಕೆ, ಇನ್ನೊಂದು ಬದಿಗೆ ಸೊಂಡಿ. ಲಾಳಿಕೆಗೆ ಒಂದು ಕೊಡ ತಣ್ಣೀರು ಸುರಿದರೆ ಸೊಂಡಿಯಿಂದ ಒಂದು ಕೊಡ ಬಿಸಿನೀರು ಹೊರಗೆ. ಕೊಟ್ಟಷ್ಟೇ ಬರುತ್ತದೆ, ಆದರೆ ಬೇರೆಯಾಗಿ ಬರುತ್ತದೆ.

ಇದನ್ನು ಚೈನಿಗಾಗಿ ತಂದದ್ದಲ್ಲ. ಮಗಳು ಮೃಣಾಲಿನಿ ಚೊಚ್ಚಲು ಬಾಣಂತನಕ್ಕೆ ಬಂದಿದ್ದಾಳೆ. "ತಾಯಿ ಇಲ್ಲದ ತವರಾಗ ಬಾಣಂತನಾ ಯಾರು ಮಾಡತಾರ್ರಿ ಬೀಗರ?" ಎಂದು ವಿಜಾಪುರದ ಬೀಗಿತಿ, ಬಸುರಿಗೆ ಕುಬಸ ಮಾಡಿದ ದಿನ, ಪಂಕ್ತಿಯಲ್ಲೇ ಕೇಳಿಬಿಟ್ಟರು, ನನ್ನ ಬಾಯಲ್ಲಿ ಹೋಳಿಗೆ ಇರುವಾಗ. "ಬಾಣಂತನಾ ಅಂದ್ರ ಅರ್ಧಾ ಬಿಸಿನೀರು. ಸಂಕ್ರಮಣಕ್ಕ ಬಂದು ನೋಡತೀನಿ. ಬಂದೋಬಸ್ತ ಸರಿ ಕಾಣಲಿಲ್ಲಂದ್ರ ಸೊಸೀನ್ನ ಕರಕೊಂಡು ಹೋಗಿಬಿಡತೀನಿ." ನೋಡಲಿ. ಬಂದು ಕೈ ಇಟ್ಟು ನೋಡಲಿ.

ಗಾಡಿಗೆ ಬಂಬ ಏರಿಸುವಾಗ ಖಾದರಬಾಷಾ ಒಂದು ಮಾತು ಹೇಳಿದ: "ರಾಯರ, ವಾಶರ್ ಜಾಗಾದಾಗ ಇಲ್ದ ನೀರು ಹಾಕಬ್ಯಾಡ್ರಿ ಮತ್ತ." ಪುಣೆಯ ಕಾಲೇಜಿನಲ್ಲಿ ಪ್ರೀವಿಯಸ್ ತನಕ ಓದಿದವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಟೀಚ್ ಮಾಡುವವ ಟೀಚರ್, ವಾಶ್ ಮಾಡಿಕೊಳ್ಳುವವ ವಾಶರ್. ಸ್ನಾನಕ್ಕೆ ಕೂಡುವವರು ತಮ್ಮ ಜಾಗದಲ್ಲಿ ಕೂತ ಮೇಲೆಯೇ ಹೊರಗಿನವರು ನೀರು ಸುರಿಯಬೇಕು. ಇಲ್ಲದಿದ್ದರೆ ಬಿಸಿನೀರು ಬಚ್ಚಲಿನ ಪಾಲು. ಅಂಗಡಿಯವನಾದರೂ ತಿಳಿದು ಮಾತಾಡುತ್ತಾನೆ.

ಡಿಸೆಂಬರ ೬, ರವಿವಾರ

ಬಂಬ ಕೂಡ್ರಿಸಿ ಆಯಿತು. ಬಚ್ಚಲಮನೆಯೊಳಗಲ್ಲ, ಹೊರಗೆ ಹಿತ್ತಲಲ್ಲಿ, ಗೋಡೆಗೆ ಆತುಕೊಂಡು. ಗೋಡೆ ಕೊರೆಸಿ ಸೊಂಡಿಯನ್ನು ಒಳಗೆ ಬಿಟ್ಟಿದ್ದೇನೆ. ಹೊಗೆ, ಬೂದಿ, ಕಟ್ಟಿಗೆ ಎಲ್ಲ ಹೊರಗೆ. ಬರೀ ನೀರು ಒಳಗೆ. ಇದು ನನ್ನ ಸ್ವಂತ ಐಡಿಯಾ. ನೆಸೆಸಿಟಿ ಇಜ್ ದಿ ಮದರ್ ಆಫ್... ಯಾವುದರ ತಾಯಿಯೋ ಮರೆತಿದೆ. ಹಳೆಯ ಹಂಡೆಯ ಒಲೆಯನ್ನು ಒಡೆಸಿ ಹಾಕಿದ್ದರಿಂದ ಇನ್ನು ಹಿಂದಕ್ಕೆ ಹೋಗುವ ದಾರಿಯಿಲ್ಲ.

ಅಕ್ಕ ಬಂಬಕ್ಕೆ ಹುಣಸೆಹಣ್ಣು ತಿಕ್ಕಿ, ಗೋಮೂತ್ರ ಚಿಮುಕಿಸಿ, ಲಾಳಿಕೆಯನ್ನು ತಿರುವಿ ಬಿಚ್ಚಿ ಅದನ್ನೂ ತೊಳೆದು ಮಡಿ ಮಾಡಿಕೊಂಡಳು. "ಇದರ ಕೊರಳಾಗ ತೊಗಲಿನ ಬಳಿ ಹಾಕ್ಯಾರಲ್ಲೋ! ಯಾವ ದನದ್ದೊ ಏನೊ. ಕಟ್ಟಿಗೀಲೆ ಎತ್ತಿ ಬೇಲಿ ಆಚೆ ಒಗದೆ" ಎಂದಳು. ಛಲೋ ಮಾಡಿದಿ ಎಂದೆ. ಪೇಟೆಯವರು ಅಂದಕ್ಕೆ ಏನೇನೋ ಸುತ್ತಿರುತ್ತಾರೆ, ಹೋರಿಯ ಕೊರಳಿಗೆ ಗೆಜ್ಜೆ ಕಟ್ಟಿದ ಹಾಗೆ.

ಮೊದಲ ಸ್ನಾನ ನನ್ನದೇ. ಬಿಸಿನೀರು ಮೈಮೇಲೆ ಬೀಳದೆ ನನಗೆ ಬೆಳಗಾದಂತೆ ಅನಿಸುವುದೇ ಇಲ್ಲ, ಇದು ಮನೆಯವರಿಗೆಲ್ಲ ಗೊತ್ತು. ಅಕ್ಕ ಹೊರಗಿಂದ "ಕೂತ್ಯಾ?" ಎಂದಳು. "ಕೂತೆ" ಎಂದೆ. ಕೊಡ ಸುರಿದಳು. ಸೊಂಡಿಯಿಂದ ಬಂತು ನೀರು: ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಸರಕಾರಿ ಉತ್ತರದ ಹಾಗೆ. ಉರಿ ಇನ್ನೂ ಹತ್ತಿಲ್ಲವೇನೋ ಎಂದು ಬರಿಮೈಯಲ್ಲಿ ಕಾದು ಕೂತೆ. ಎರಡನೆಯ ಕೊಡವೂ ಹಾಗೇ. ಉಗುರುಬೆಚ್ಚಗೆ. ಮೂಗು ಸೋರಲಿಕ್ಕೆ ಹತ್ತಿದೆ.

ಡಿಸೆಂಬರ ೧೧, ಶುಕ್ರವಾರ

ಕಟ್ಟಿಗೆಯನ್ನು ಸಂಶಯಿಸಿದೆ. ಜಾಲಿ ತರಿಸಿದೆ, ತೆಂಗಿನ ಚಿಪ್ಪು ಹಾಕಿದೆ, ಇದ್ದಲಿಯನ್ನೂ ಸುರಿದೆ. ಬಂಬದ ಮೈಗೆ ಬೆರಳು ತಾಗಿ ಗುಳ್ಳೆ ಎದ್ದಿತು. ಹೊರಗೆ ಬೆರಳು ಸುಡುವ ಬಂಬದೊಳಗಿಂದ ಉಗುರುಬೆಚ್ಚಗಿನ ನೀರು ಬರುತ್ತದೆಂದರೆ ಇದು ಯಾವ ನ್ಯಾಯ?

ಕಾಲೇಜಿನ ಫಿಜಿಕ್ಸು ನೆನಪಿಸಿಕೊಂಡೆ. ಶಾಖ ಮೂರು ದಾರಿಯಿಂದ ಓಡಿಹೋಗುತ್ತದೆ: ಕಂಡಕ್ಷನ್, ಕನ್ವೆಕ್ಷನ್, ಮತ್ತು ಇನ್ನೊಂದು. ಆ ಇನ್ನೊಂದು ಎರಡು ದಿನದಿಂದ ನಾಲಿಗೆಯ ತುದಿಯಲ್ಲೇ ಕೂತಿದೆ, ಕೆಳಗೆ ಇಳಿಯವಲ್ಲದು. ನನ್ನ ಸಂಶಯವೆಲ್ಲ ಅದರ ಮೇಲೆಯೇ. ಗೊತ್ತಿದ್ದ ಎರಡನ್ನಾದರೂ ತಡೆಯೋಣವೆಂದು ಬಂಬಕ್ಕೆ ಹಳೆಯ ಕಂಬಳಿ ಸುತ್ತಿ ಹಗ್ಗ ಬಿಗಿದೆ. ಮೃಣಾಲಿನಿ ಹಿತ್ತಲ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

"ಅಪ್ಪಾ, ಅದಕ್ಕ ಛಳಿಜ್ವರಾ ಬಂದದೇನ್ರಿ? ಕಷಾಯಾ ಮಾಡ್ಲಾ?"

"ನಗು. ವಿಜಾಪುರಕ್ಕ ಹೋದ ಮ್ಯಾಲೂ ಹಿಂಗ ನಗುವಿಯಂತ."

ಅವಳ ನಗೆ ಅಲ್ಲಿಗೇ ನಿಂತಿತು. ಆಡಬಾರದಿತ್ತು. ಅಷ್ಟರಲ್ಲಿ ಕಂಬಳಿಯಿಂದ ಸುಟ್ಟ ವಾಸನೆ ಬಂದು ಎಲ್ಲರೂ ಕೊಡ ಹಿಡಿದು ಓಡಿದೆವು. ಬಸುರಿಯನ್ನೂ ಓಡಿಸಿದೆನೆಂದು ಅಕ್ಕ ಊಟದ ತನಕ ಬೈದಳು. ಸಾರಿನಲ್ಲಿ ಉಪ್ಪೂ ಇರಲಿಲ್ಲ. ಈ ಮನೆಯಲ್ಲಿ ಒಂದೂ ಸರಿಯಾಗಿ ನಡೆಯುವುದಿಲ್ಲ.

ಡಿಸೆಂಬರ ೧೭, ಗುರುವಾರ

ಸ್ಟೋವು, ಗ್ಯಾಸಬತ್ತಿ ರಿಪೇರಿ ಮಾಡುವ ಕಮರುದ್ದೀನನನ್ನು ಕರೆಸಿದೆ. ಬಂಬವನ್ನು ಬೆರಳಿನಿಂದ ಟಣ್ ಎನಿಸಿ, ಕಿವಿಯಿಟ್ಟು ಕೇಳಿದ, ವೈದ್ಯನ ಹಾಗೆ.

"ಇದಕ್ಕ ಉಸರ ಆಡವಲ್ದು ರಾಯರ. ನಿಮಗ ದೇವ್ರು ಮೂಗು ಕೊಟ್ಟಾನ, ಇದಕ್ಕ ಕೊಟ್ಟಿಲ್ಲ."

"ಹೊಗಿ ಹೋಗಲಿಕ್ಕೆ ತೂತು ಅದಲ್ಲೋ."

"ಅದು ತೂತ್ರಿ. ನಾ ಹೇಳಾಕತ್ತಿದ್ದು ಮೂಗು."

ಮೂಗು ಹಚ್ಚಿಸಿಕೊಂಡೆ. ತಗಡಿನ ಕೊಳವೆ ಮಾಡಿನ ಮೇಲಕ್ಕೂ ಹೋಯಿತು. ಉರಿ ಈಗ ಹುಲಿಯ ಹಾಗೆ ಗರ್ಜಿಸುತ್ತದೆ. ನೀರು ಮಾತ್ರ ಆಕಳ ಹಾಗೆ ಸೌಮ್ಯ. ಹೊಗೆಯೆಲ್ಲ ಬಾಜೂ ಮನೆಯ ವೆಂಕಣ್ಣನ ಒಣಹಾಕಿದ ಧೋತರದ ಮೇಲೆ. ಅವನು ಬೇಲಿಯ ಮೇಲಿಂದ ಇಣುಕಿ, "ರಾಯರ, ಗಾಡಿ ಯಾವ ಕಡೆ ಹೊಂಟದ? ಪುಣೆಗೋ ಗದಗಿಗೋ? ಟಿಕೀಟು ತಗೀಬೇಕಾಗಿತ್ತು" ಎಂದ. ನಮ್ಮ ಮಾಳಮಡ್ಡಿ ಬಡಾವಣೆಯಲ್ಲಿ ಈಗ ನನ್ನ ಹೆಸರು ಸ್ಟೇಶನ್ ಮಾಸ್ತರ.

ಡಿಸೆಂಬರ ೨೧

ಉಗುರುಬೆಚ್ಚಗೆ. ಬರೆಯುವುದೇನಿದೆ.

ಡಿಸೆಂಬರ ೨೮, ಸೋಮವಾರ

ಗುಡ್ಡವ್ವ ಬಂದಿದ್ದಳು. ಮಾಳಮಡ್ಡಿಯ ಅರ್ಧ ಮಂದಿ ಅವಳ ಕಾಲಮೇಲೆ ಮಲಗಿ ಎಣ್ಣೆನೀರು ಎರೆಸಿಕೊಂಡವರು, ಮೃಣಾಲಿನಿಯೂ ಒಬ್ಬಳು. ಬಾಣಂತಿಗೆ ಇವಳೇ ಎರೆಯಬೇಕು. ಬಂದವಳೇ ಬಚ್ಚಲಮನೆಗೆ ಹೋಗಿ, "ಎಲ್ಲಿ, ನೀರು ಬಿಡ್ರಿ ನೋಡೂನು" ಎಂದಳು.

"ಮೊದಲು ಕೂಡಬೇಕು" ಎಂದೆ ಹೊರಗಿನಿಂದ.

"ಯಾರು ಕೂಡಬೇಕ್ರಿ?"

"ಯಾರರೆ ಕೂಡ್ರಿ. ಯಾರೂ ಕೂಡದ ನೀರು ಹಾಕಬಾರದು, ಕಾಯಿದೆ ಹಂಗದ."

ಅಕ್ಕ ಗೊಣಗುತ್ತ ಕಲ್ಲಿನ ಮೇಲೆ ಹೋಗಿ ಕೂತಳು. ದಿನಾ ಬೆಳಿಗ್ಗೆ ಈ ಕಾಯಿದೆಗೆ ಸಿಕ್ಕು ಹಲ್ಲು ಕಟಕಟ ಎನಿಸುವವಳೂ ಅವಳೇ. "ಕೂತೆ" ಎಂದಳು. ಸುರಿದೆ. ಗುಡ್ಡವ್ವ ಬೆರಳು ಅದ್ದಿದಳು. ಮತ್ತೆ ಮೊಣಕೈ ಅದ್ದಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಇದರಾಗ ಬೆಕ್ಕಿನ ಮರಿ ಎರದ್ರೂ ನಡಗತೈತ್ರಿ ರಾಯರ. ನಾ ಎರದ ಬಾಣಂತೇರು ತಿಂಗಳೊಪ್ಪತ್ತಿನಾಗ ಎದ್ದು ಜ್ವಾಳಾ ಬೀಸ್ಯಾರ. ಇಂಥಾ ನೀರು ಹಾಕಿ ನನ್ನ ಹೆಸರು ನಾ ಕೆಡಿಸ್ಕೊಳ್ಳಾಂಗಿಲ್ಲ."

"ಇನ್ನೂ ವ್ಯಾಳ್ಯಾ ಅದ, ಸರಿ ಮಾಡತೀನಿ."

"ಮಾಡ್ರಿ, ಮಾಡ್ರಿ. ಈಕಿ ಹುಟ್ಟಿದಾಗ ಬಚ್ಚಲದ ಕಡೆ ನಿಮ್ಮ ಮಾರಿ ಸೈತ ನಾ ಕಂಡಿರಲಿಲ್ಲ. ಈಗ ನೋಡಿದ್ರ ಮೈತುಂಬ ಮಸಿ!"

ಅವಳು ಹೋದ ಮೇಲೆ ಮೃಣಾಲಿನಿ ನಡುಮನೆಯಲ್ಲಿ ನನ್ನ ಹತ್ತಿರ ಬಂದು ಕೂತಳು. "ಅಪ್ಪಾ, ನಾ ಎಲ್ಲೀಗೂ ಹೋಗೂದಿಲ್ಲ. ಅಲ್ಲೆ ಎಲ್ಲಾರೂ ಛಲೋ ಇದ್ದಾರ, ಖರೇ. ಆದ್ರ ಅಲ್ಲೆ ನನಗ ಒ‌ದರಲಿಕ್ಕೆ ನಾಚಿಕಿ ಬರತದ. ಬ್ಯಾನಿ ಬಂದಾಗ ಅವ್ವನ ಖೋಲ್ಯಾಗ ಇರತೀನಿ. ತಣ್ಣೀರಾದ್ರ ತಣ್ಣೀರು."

ತಣ್ಣೀರಂತೆ! ಬಾಣಂತಿಗೆ ತಣ್ಣೀರು! ಹುಚ್ಚಿ ಎಂದು ಬೈದೆ. ಬೈದು ಎದ್ದು ಹಿತ್ತಲಿಗೆ ಹೋಗಿ ಸುಮ್ಮನೆ ಕಟ್ಟಿಗೆ ಸೀಳಿದೆ. ಕಟ್ಟಿಗೆ ಬೇಕಾಗಿರಲಿಲ್ಲ.

೧೯೩೭, ಜನವರಿ ೫, ಮಂಗಳವಾರ

ಇವತ್ತಿನ ಮಾನಭಂಗವನ್ನು ಬರೆದಿಟ್ಟರೆ ಹಗುರಾಗುತ್ತದೋ ಭಾರವಾಗುತ್ತದೋ ತಿಳಿಯದು.

ಮುಂಜಾನೆಯ ಗಾಡಿಗೆ ಹುಬ್ಬಳ್ಳಿಗೆ ಹೋಗಿ ನೇರವಾಗಿ ಖಾದರಬಾಷಾನ ಅಂಗಡಿಗೆ ನುಗ್ಗಿದೆ. ಗಿರಾಕಿಗಳು ತುಂಬಿದ್ದರು. ತುಂಬಿರಲಿ, ಎಲ್ಲರೂ ಕೇಳಲಿ ಎಂದುಕೊಂಡೆ.

"ಬರ್ರಿ ರಾಯರ. ಬಂಬ ಹೆಂಗ ಕುದೀತೈತಿ?"

"ಕುದಿಯೂದ? ನಿನ್ನ ಬಂಬದ ನೀರಾಗ ಬೆಣ್ಣಿ ಸೈತ ಕರಗೂದಿಲ್ಲ!"

"ಹಂಗ ಆಗಾಕ ಸಾಧ್ಯ ಇಲ್ಲ. ವಾಶರ್ ಜಾಗಾದಾಗ ಐತಿಲ್ರಿ?"

"ಅದ ಅಂದ್ರ! ದಿನಾ ಮೊದಲು ವಾಶರ್ ಕೂಡಬೇಕು, 'ಕೂತೆ' ಅಂತ ಒದರಬೇಕು, ಆಮ್ಯಾಲೆ ನೀರು. ಒಂದು ದಿನಾ ತಪ್ಪಿಸಿಲ್ಲ ನಾವು."

ಖಾದರಬಾಷಾ ತಕ್ಕಡಿ ಕೆಳಗಿಟ್ಟ. "ಒದರತೈತಿ?"

"ಒದರಿ ಒದರಿ ಗಂಟಲು ಬಿದ್ದದ. ನಿನ್ನೆ ಛಳ್ಯಾಗ ಕೂತು ನಡುಗಿ ಸ್ತೋತ್ರಾನ ಮರತಾಳ."

"ಯಾರ್ರಿ?"

"ನಮ್ಮಕ್ಕ!"

"ಯಾ ಅಲ್ಲಾ" ಎಂದ ಖಾದರಬಾಷಾ. "ನಿಮ್ಮ ಅಕ್ಕಾರನ್ನ ಯಾಕ ವಾಶರ್ ಮಾಡೀರಿ ರಾಯರ?"

ಆಮೇಲೆ ಅಂಗಡಿಯೆಲ್ಲ ನಕ್ಕಿತು. ಒಬ್ಬ ಮುದುಕ ನಕ್ಕು ನಕ್ಕು ತಾನು ಕೊಳ್ಳಲು ಬಂದ ಕೊಳಗದ ಮೇಲೇ ಕೂತ. ಖಾದರಬಾಷಾ ಡಬ್ಬಿಯಲ್ಲಿ ಕೈಯಾಡಿಸಿ ನನ್ನ ಮುಂದೆ ಇಟ್ಟದ್ದು ಒಂದು ತೊಗಲಿನ ಬಳೆ. ಲಾಳಿಕೆಯ ಕೊರಳಲ್ಲಿ ಕೂಡುವಂಥದು. ಅಕ್ಕ ಬೇಲಿಯಾಚೆ ಒಗೆದಂಥದು.

"ಲಾಳಿಕಿಗೆ ಒಳಗ ಒಂದು ನಳಿಗಿ ಐತ್ರಿ, ತಳದ ಮಟಾ. ತಣ್ಣೀರು ಆ ನಳಿಗ್ಯಾಗ ಸೀದಾ ತಳಕ್ಕ ಇಳೀಬೇಕು, ಬಿಸಿನೀರನ್ನ ಮ್ಯಾಲ ದಬ್ಬಬೇಕು. ಈ ವಾಶರ್ ಇಲ್ಲಂದ್ರ ನಳಿಗಿ ಸಡ್ಲ ಆಗಿ ತಣ್ಣೀರು ಕೊರಳಾಗನ ಸೋರತೈತಿ. ಒಳಗ ಬರಾಂವಾ, ಹೊರಗ ಹೋಗಾಂವಾ ಇಬ್ರೂ ಬಾಗಲದಾಗ ಭೆಟ್ಟಿ ಆದ್ರ ಮತ್ತೇನಾಕ್ಕೈತಿ? ಕೈಕೈ ಹಿಡಕೊಂಡು ಹೊರಗ ಬರತಾರ."

ತೊಗಲಲ್ಲದೆ ಬೇರೆ ಏನಾದರೂ ಆದೀತೇ ಎಂದು ಕೇಳಿದೆ. ಬಟ್ಟೆ ಕೊಳೆಯುತ್ತದಂತೆ, ರಬ್ಬರು ಕಾವಿಗೆ ಕರಗಿ ನಾರುತ್ತದಂತೆ. ಬಳೆಯನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು, ಬೆನ್ನ ಹಿಂದಿನ ನಗೆಯನ್ನು ಕೇಳಿಸಿಕೊಳ್ಳುತ್ತ ಸ್ಟೇಶನ್ನಿಗೆ ಬಂದೆ.

ಇಂಗ್ಲಿಷು ಶುದ್ಧ ಮೋಸದ ಭಾಷೆ. ಟೀಚರ್ ಎಂದರೆ ಮನುಷ್ಯ, ರೈಟರ್ ಎಂದರೆ ಮನುಷ್ಯ, ವಾಶರ್ ಎಂದರೆ ತೊಗಲಿನ ಬಳೆ! ಇದಕ್ಕೆ ಯಾವ ಗ್ರಾಮರ್? ನಾನು ಪ್ರೀವಿಯಸ್ಸಿನಲ್ಲಿ ನಪಾಸಾದದ್ದು ನನ್ನ ತಪ್ಪಲ್ಲವೆಂದು ಇವತ್ತು ಖಾತ್ರಿಯಾಯಿತು.

ಜನವರಿ ೮, ಶುಕ್ರವಾರ

ರೋಗ ತಿಳಿಯಿತು, ಮದ್ದು ಕಿಸೆಯಲ್ಲಿದೆ, ಕುಡಿಸುವಂತಿಲ್ಲ. ಮೊದಲೇ ಇದಕ್ಕಿಂತ ಸುಖವಿತ್ತು.

ಬಳೆ ಹಾಕಿದರೆ ನೀರು ತೊಗಲಿಗೆ ಮುಟ್ಟುತ್ತದೆ. ಆ ನೀರಿನಲ್ಲಿ ಮಿಂದು ಅಕ್ಕ ಮಡಿಯಲ್ಲಿ ಅಡಿಗೆಗೆ, ದೇವರ ಕೋಣೆಗೆ ಹೇಗೆ ಹೋದಾಳು? ವಿಧವೆಯಾದಂದಿನಿಂದ ಅವಳಿಗೆ ಉಳಿದ ಆಸ್ತಿ ಎಂದರೆ ಆ ಮಡಿ ಒಂದೇ. ಕೆಡಿಸಿದೆನೆಂದು ತಿಳಿದರೆ ಗಂಟು ಕಟ್ಟಿ ಸವಣೂರಿಗೆ ಮೈದುನನ ಮನೆಗೆ ಹೋಗಿಬಿಡುತ್ತಾಳೆ. ಅಕ್ಕ ಇಲ್ಲದ ಮನೆಯಲ್ಲಿ ಬೀಗಿತಿ ಸೊಸೆಯನ್ನು ಒಂದು ಗಳಿಗೆಯೂ ಬಿಡುವುದಿಲ್ಲ. ಹಾಕದಿದ್ದರೆ ನೀರು ಉಗುರುಬೆಚ್ಚಗೆ, ಆಗಲೂ ಬಿಡುವುದಿಲ್ಲ. ಯೂಕ್ಲಿಡ್ ಬಂದರೂ ಇದಕ್ಕೆ ಕ್ಯೂ.ಇ.ಡಿ. ಬರೆಯಲಾರ.

ತಿಳಿಯದಂತೆ ಹಾಕಿಬಿಡಬಹುದು. ಇವತ್ತು ಅವಳು ಜಪಕ್ಕೆ ಕೂತಾಗ ಹಿತ್ತಲಿಗೆ ಹೋಗಿ ಲಾಳಿಕೆ ಬಿಚ್ಚಿಯೂ ಬಿಟ್ಟೆ. ಬಳೆ ಕೈಯಲ್ಲಿ ಹಿಡಿದು ನಿಂತೆ. ಒಳಗೆ ಅವಳ ಜಪ ಕೇಳುತ್ತಿತ್ತು. ಮತ್ತೆ ತಿರುವಿ ಮುಚ್ಚಿ ಬಂದೆ. ಯಾಕೆ ಎಂದು ನನಗೇ ಸಿಟ್ಟು.

ಜನವರಿ ೧೦

ಬಳೆ ಕಿಸೆಯಲ್ಲಿದೆ. ನೀರು ಹಾಗೇ ಇದೆ. ಬೀಗಿತಿ ಬುಧವಾರ ಬರುತ್ತಾರೆ.

ಜನವರಿ ೧೫, ಶುಕ್ರವಾರ

ನಿನ್ನೆ ಸಂಕ್ರಮಣ. ಬೀಗಿತಿ ಎಳ್ಳು ಕೊಟ್ಟು, ಒಳ್ಳೆಯ ಮಾತಾಡಿ, ಸ್ನಾನದ ಹೊತ್ತಿಗೆ ಬಚ್ಚಲಮನೆಗೆ ಹೋದರು. ನಾನು ಹೊರಗೆ ಕೊಡ ಹಿಡಿದು ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಂತಿದ್ದೆ. ಸುರಿದೆ. ಬೀಗಿತಿ ಹೊರಗೆ ಬಂದ ಮೇಲೆ ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು:

"ಮಾರಿ ತೊಳೀಲಿಕ್ಕೆ ಅಡ್ಡಿಯಿಲ್ಲ ಬೀಗರ. ನಿಮ್ಮ ಕಷ್ಟಾ ನನಗ ತಿಳೀತದ. ಶನಿವಾರ ಗಾಡಿ ಅದ, ಸೊಸೀನ್ನ ಕರಕೊಂಡು ಹೋಗತೀನಿ. ಇನ್ನೂ ತಡಾ ಆದ್ರ ಗಾಡ್ಯಾಗ ಕೂಡ್ರಿಸೂದೂ ಕಠಿಣ."

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮೃಣಾಲಿನಿ ಕೋಣೆಗೆ ಹೋಗಿ ಟ್ರಂಕಿನ ಬೀಗ ತೆಗೆದ ಸದ್ದು ಕೇಳಿಸಿತು.

ಇವತ್ತು ಮಧ್ಯಾಹ್ನ ಬೀಗಿತಿ ಗುಡಿಗೆ ಹೋದಾಗ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. "ಕೋಟಿನ ಕಿಸೇದಾಗ ಏನೋ ಇಟ್ಟೀಯಲ್ಲ, ತಾ."

ನಾನು ಬಂಬದ ಬೂದಿ ಕೆದಕಲಿಕ್ಕೆ ಹತ್ತಿದೆ.

"ಗೂಟಕ್ಕ ಕೋಟು ತೂಗಹಾಕಿದ ದಿನಾನ ವಾಸನಿ ಬಂತೋ ನನಗ. ಮಡಿ ಹೆಂಗಸಿನ ಮೂಗು ಅದು. ಬೇಲಿ ಆಚೆ ಒಗದದ್ದು ತಿರುಗಿ ಯಾಕ ಬಂತು, ಹೇಳು."

ಹೇಳಿದೆ. ವಾಶರ್ ಎಂದರೆ ಅವಳಲ್ಲ, ಬಳೆ ಎಂದೂ ಹೇಳಬೇಕಾಯಿತು. ನಗಲಿಲ್ಲ. ಬಂಬದ ಮೇಲೆ ಕೈಯಿಟ್ಟಳು.

"ನನಗ ಒಂದು ಹುಟ್ಟಿತ್ತಲ್ಲ, ಶ್ರಾವಣದಾಗ. ಮಳಿ ಹಿಡದಿತ್ತು, ಕಟ್ಟಿಗಿ ಹಸಿ. ಅವರ ಮನ್ಯಾಗ ನೀರು ಕಾಸವರು ಯಾರಿರಲಿಲ್ಲ. ಹಿಂಗ, ಈ ನೀರಿನಂಗ ಇತ್ತು ನೋಡು, ಉಗರಬೆಚ್ಚಗ. ಮೊದಲು ನನಗ ಥಂಡಿ ಬಂತು. ಆಮ್ಯಾಲೆ ಅದಕ್ಕ." ಅಷ್ಟು ಹೇಳಿ ಸೆರಗು ಬಿಗಿದುಕೊಂಡಳು. "ಹಾಕು ನಿನ್ನ ತೊಗಲು. ಬಂಬ ನಿಮಗ, ಭಾವಿ ನನಗ. ನಾ ತಣ್ಣೀರಾಗ ಮೀತೀನಿ."

"ಈ ಛಳ್ಯಾಗ?"

"ಮಡಿಗೆ ಛಳಿ ಇಲ್ಲೋ. ನಿಂದರಬ್ಯಾಡ, ಅವರು ಬರೂದ್ರಾಗ ಹಾಕು."

ಅಕ್ಕನಿಗೆ ಒಂದು ಕೂಸಾಗಿತ್ತೆಂಬುದು ನನಗೆ ಮರೆತೇಹೋಗಿತ್ತು. ಆ ಶ್ರಾವಣದಲ್ಲಿ ನಾನು ಪುಣೆಯಲ್ಲಿ ಕಂಡಕ್ಷನ್, ಕನ್ವೆಕ್ಷನ್ ಬಾಯಿಪಾಠ ಮಾಡುತ್ತಿದ್ದೆ.

ಬಳೆ ಹಾಕಿ ಲಾಳಿಕೆ ತಿರುವಿದೆ. ಬಿಗಿಯಾಗಿ ಕೂತಿತು.

ಜನವರಿ ೧೬, ಶನಿವಾರ

ಬೀಗಿತಿ ಒಳಗೆ ಹೋದರು. ನಾನು ಸುರಿದೆ. "ಅಯ್ಯಯ್ಯೋ ಸುಟ್ಟಿತು!" ಎಂದು ಕೂಗಿಕೊಂಡರು. ನನ್ನ ಜನ್ಮದಲ್ಲಿ ಬೇರೆಯವರ ಕೂಗಿಗೆ ಇಷ್ಟು ಸಂತೋಷಪಟ್ಟದ್ದಿಲ್ಲ. ಟೊಮೆಟೊದ ಹಾಗೆ ಕೆಂಪಗಾಗಿ ಹೊರಗೆ ಬಂದರು. ಕೂದಲಿಂದ ಹಬೆ ಏಳುತ್ತಿತ್ತು.

"ಮೊನ್ನೆ ಯಾಕ ಹಂಗಿತ್ತು?"

"ಸಂಕ್ರಮಣದ ಛಳಿ" ಎಂದಳು ಅಕ್ಕ.

ಬೀಗಿತಿ ಗಾಡಿಗೆ ಒಬ್ಬರೇ ಹೋದರು. ಹೋಗುವಾಗ ಬಂಬದ ಅಂಗಡಿಯ ವಿಳಾಸ ಕೇಳಿದರು. ಅವರೂ ಮಡಿಯವರೇ, ತೊಗಲಿನ ಸಂಗತಿ ಹೇಳಬೇಕಿತ್ತೇನೋ ಎಂದರೆ ಅಕ್ಕ, "ಅವರು ಕೇಳಲಿಲ್ಲ, ನಾ ಹೇಳಲಿಲ್ಲ. ಅವರ ಮಡಿ ಅವರಿಗೆ" ಎಂದಳು. ಮೃಣಾಲಿನಿ ಟ್ರಂಕಿನ ಮೇಲೆ ಕೂತು ಎಳ್ಳು-ಬೆಲ್ಲ ಎಲ್ಲ ಖಾಲಿ ಮಾಡಿದಳು. ಬಸುರಿಗೆ ಎಳ್ಳು ಉಷ್ಣ ಎಂದರೆ ಕೇಳುವವರಾರು?

ಜನವರಿ ೩೦, ಶನಿವಾರ

ಭಾವಿಯ ಹಗ್ಗ ಹಳೆಯದಾಗಿದೆ, ಅಂಗೈ ಕೊರೆಯುತ್ತದೆ. ಹೊಸದು ತರಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ. ಅಕ್ಕನಿಗೆ ಅವಳು ಏಳುವ ಮೊದಲೇ ಮಡಿಯ ನೀರು ಸೇದಿ, ಒಳ ಒಲೆಯ ಮೇಲೆ ತಪೇಲೆಯಲ್ಲಿ ಕಾಸಿಡುತ್ತೇನೆ. ಮಡಿಯ ನೀರು ಮೈಲಿಗೆಯಲ್ಲಿ ಸೇದಿದರೆ ನಡೆಯುವುದಿಲ್ಲ. ಆದ್ದರಿಂದ ಮೊದಲು ಭಾವಿಕಟ್ಟೆಯಲ್ಲಿ ಎರಡು ಕೊಡ ಸುರಿದುಕೊಂಡು ಹಸಿ ಪಂಜೆಯಲ್ಲೇ ಸೇದಬೇಕು. ಅಕ್ಕ ಬಂದು ತಪೇಲೆಗೆ ಕೈಯಿಟ್ಟು, "ಇಷ್ಟು ಕಾಸಬ್ಯಾಡೋ, ಕಟ್ಟಿಗಿ ದಂಡ" ಎನ್ನುತ್ತಾಳೆ. ದಿನಾ ಅದನ್ನೇ ಅನ್ನುತ್ತಾಳೆ. ಕೃತಜ್ಞತೆ ಎಂಬುದು ಈ ಮನೆತನದ ರಕ್ತದಲ್ಲೇ ಇಲ್ಲ.

ಹಗ್ಗ ತರಬೇಕು. ಮೃಣಾಲಿನಿಯ ಕಾಲು ಬಾತಿವೆ. ಹಸಿಬಟ್ಟೆಗೆ ಛಳಿಗಾಳಿ ಬಡಿದರೆ ನನಗೆ ಕೆಮ್ಮು ಬರುತ್ತದೆ, ಮಿಕ್ಕಂತೆ ಏನಿಲ್ಲ.

ಫೆಬ್ರುವರಿ ೧೩, ಶನಿವಾರ

ನಿನ್ನೆ ಹೆಣ್ಣು ಕೂಸು. ಊರೆಲ್ಲ ಚುನಾವಣೆಯ ಗದ್ದಲ, ಓಣಿಯಲ್ಲಿ ಮೆರವಣಿಗೆ ಜೈಕಾರ ಹಾಕುತ್ತ ಹೋಗುವಾಗಲೇ ಒಳಗೆ ಅದು ಅತ್ತಿತು. ಯಾವುದು ಯಾವುದರ ಸದ್ದೋ ನನಗೆ ಮೊದಲು ತಿಳಿಯಲಿಲ್ಲ. ಮೃಣಾಲಿನಿ ಬೇಕಾದಷ್ಟು ಒದರಿದಳು, ವೆಂಕಣ್ಣನ ಮನೆಗೂ ಕೇಳುವಷ್ಟು. ಒದರಲಿ, ಅವಳವ್ವನ ಕೋಣೆ.

ನನ್ನನ್ನು ಒಳಗೆ ಬಿಡುವುದಿಲ್ಲ. ಹೊಸ್ತಿಲ ಹೊರಗೇ ನಿಂತು ನೋಡು ಎನ್ನುತ್ತಾರೆ. ಕಂಡದ್ದು ಒಂದು ಅರಿವೆಯ ಗಂಟು. ಇಷ್ಟೊಂದು ಕಟ್ಟಿಗೆ ಸೀಳಿದವನಿಗೆ ಇಷ್ಟೇನಾ?

ಫೆಬ್ರುವರಿ ೧೭, ಬುಧವಾರ

ಇವತ್ತು ಬಾಣಂತಿಗೆ ಮೊದಲ ಎಣ್ಣೆನೀರು. ಮಧ್ಯಾಹ್ನವೇ ಬಾ ಎಂದರೆ ಗುಡ್ಡವ್ವ ಬಂದದ್ದು ಇಳಿಹೊತ್ತಿಗೆ. ಬೈಯಬೇಕೆಂದು ಕಾದಿದ್ದೆ, ಅವಳೇ ಮೊದಲು ಬೈದಳು, ಉರಿ ಸಾಲದೆಂದು. ಮತ್ತಷ್ಟು ಚಿಪ್ಪು ಹಾಕಿದೆ. ಇಲ್ಲಿ ಹೊರಗೆ, ಬಂಬದ ಬಾಜೂ ಬಟ್ಟೆ ಒಗೆಯುವ ಕಲ್ಲಿನ ಮೇಲೇ ಕೂತು ಬರೆಯುತ್ತಿದ್ದೇನೆ. ಒಳಗೆ ಹೋಗಿ ಬರೆದರೆ ಅಷ್ಟರಲ್ಲಿ ಯಾರಾದರೂ ಇನ್ನೇನೋ ಕೆಲಸ ಹಚ್ಚುತ್ತಾರೆ.

ಗೋಡೆಯ ಆಚೆ ಎಣ್ಣೆ ತಿಕ್ಕುವ ಸದ್ದು. ಆಮೇಲೆ ಗುಡ್ಡವ್ವನ ಹುಕುಂ: "ಹಾಕ್ರೀ ರಾಯರ!"

ಹಾಕಿದೆ.

"ಸುಡತದ! ಅಪ್ಪಾ, ಸಾವಕಾಶ! ಸುಡತದ!"

ಕೊಡ ಎತ್ತಿ ಹಿಡಿದೆ. ಗುಡ್ಡವ್ವ ಒಳಗಿಂದಲೇ ಅಬ್ಬರಿಸಿದಳು: "ಯಾಕ ನಿಂತಿತು? ಆಕಿ ಒದರಲಿ, ನೀವು ಹಾಕ್ರಿ. ಸುಡಬೇಕು, ಅಂದ್ರನ ಎಲುವು ಗಟ್ಟಿ ಆಗತಾವ."

ಯಾರ ಮಾತು ಕೇಳಬೇಕು? ಮಗಳದೋ ಇವಳದೋ? ಯಾರೂ ನನ್ನನ್ನು ಕೇಳಿ ಏನೂ ಮಾಡುವುದಿಲ್ಲ, ತಪ್ಪಿದರೆ ಮಾತ್ರ ನನ್ನ ಹೆಸರು. ಅಕ್ಕ ಹಿತ್ತಲ ಬಾಗಿಲಲ್ಲಿ ಬಂದು ನಿಂತು ಬರೀ ಕೈಸನ್ನೆ ಮಾಡಿದಳು: ಹಾಕು. ಸಣ್ಣ ಧಾರೆಯಾಗಿ ಹಾಕಿದೆ. ಒಂದು ಕೊಡ, ಮತ್ತೊಂದು, ಮತ್ತೊಂದು. ಒದರುವುದು ನಿಂತಿತು. ಗೋಡೆಯ ತೂತಿನ ಸಂದಿಯಿಂದ ಹಬೆ ನನ್ನ ಕಡೆಗೂ ಬಂತು, ಸೀಗೆಕಾಯಿಯ ವಾಸನೆ ಹೊತ್ತುಕೊಂಡು. ಒಳಗೆ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಎಷ್ಟು ಹೊತ್ತೆಂದರೆ ನನಗೆ ಭಯವೇ ಆಯಿತು.

"ಮೃಣಾಲಾ?" ಎಂದೆ.

"ಹೂಂ" ಎಂದಳು, ನಿದ್ದೆಯಲ್ಲಿ ಇದ್ದವಳ ಹಾಗೆ. "ಅಪ್ಪಾ, ಇನ್ನೊಂದು ಕೊಡಾ."

ತುಂಬಿಟ್ಟ ಕೊಡಗಳೆಲ್ಲ ಮುಗಿದಿದ್ದವು. ಭಾವಿಗೆ ಹೋಗಿ ಸೇದಿ ತಂದು ಹಾಕಿದೆ. ಅದು ಮುಗಿದ ಮೇಲೂ ಅವಳು ಸಾಕೆನ್ನಲಿಲ್ಲ. ನಾನೂ ಕೇಳಲಿಲ್ಲ, ಮತ್ತೆ ಸೇದಿದೆ.

ಈಗ ಅವಳಿಗೆ ಒಳಗೆ ಧೂಪ ಹಾಕುತ್ತಿದ್ದಾರೆ, ಕೆಂಡವೂ ನನ್ನ ಬಂಬದ್ದೇ. ಗುಡ್ಡವ್ವ ಹೋಗುವಾಗ ನೀರಿನ ಬಗ್ಗೆ ಒಂದು ಮಾತೂ ಆಡಲಿಲ್ಲ, "ನಾಳೆ ಇದ ಹೊತ್ತಿಗೆ ಬರತೀನಿ, ಇನ್ನೆರಡು ಕೊಡಾ ಜಾಸ್ತಿ ಇರಲಿ" ಎಂದಷ್ಟೇ ಹೇಳಿ ಹೋದಳು. ಇನ್ನೆರಡು ಕೊಡವಂತೆ, ಸೇದುವವಳು ಇವಳಲ್ಲವಲ್ಲ. ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಓಣಿ ದಾಟಿದ್ದಳು. ಅದನ್ನಿಲ್ಲಿ ಬರೆದಿಡೋಣವೆಂದರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ, ಮೇಲಿನ ಸಾಲು ಯಾವುದು ಕೆಳಗಿನದು ಯಾವುದು ಕಾಣವಲ್ಲದು. ಬೆಳಕು ಹೋಗುತ್ತಿದೆ. ಕತ್ತಲಾಗುವುದರೊಳಗೆ ನಾಳೆಗೆ ನೀರು ತುಂಬಿಡಬೇಕು.